ನೇಗಿಲು ಹಿಡಿದು ನಿಂತ ಮಾವೋರಿಗಳು

ಕೊಲಂಬಸ್, ವಾಸ್ಕೋ ಡ ಗಾಮ, ಕ್ಯಾಪ್ಟನ್ ಕುಕ್ ಇವರ ಹೆಸರುಗಳನ್ನೂ ಇಸವಿಗಳನ್ನೂ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಅವರು ಹೋಗಿ ಇಳಿದ ನೆಲದಲ್ಲಿ ಮೊದಲೇ ಬದುಕಿ ಬಾಳುತ್ತಿದ್ದವರ ಗತಿ ಏನಾಯಿತು ಎಂಬುದು ಪಾಠದಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಅಂಥವರಲ್ಲಿ ನ್ಯೂಜಿಲೆಂಡಿನ ಮಾವೋರಿಗಳ ಇತಿಹಾಸ ಹೊಲಮನೆಯನ್ನೇ ನಂಬಿಕೊಂಡ ನಮ್ಮಂಥ ಊರಿನವರು ತಿಳಿದುಕೊಳ್ಳಬೇಕಾದದ್ದು.

ಮಾವೋರಿಗಳು ಹಲವು ಶತಮಾನಗಳ ಹಿಂದೆ ಪೆಸಿಫಿಕ್ ಸಾಗರದ ದ್ವೀಪಗಳಿಂದ ದೋಣಿಗಳಲ್ಲಿ ಬಂದು ನೆಲೆಸಿದವರು. ಗೆಣಸು ಬೆಳೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಅವರಲ್ಲಿ ಭೂಮಿ ಒಬ್ಬನ ಸ್ವತ್ತಲ್ಲ, ಇಡೀ ಕುಲದ್ದು. 1769ರಲ್ಲಿ ಕುಕ್ ಬಂದುಹೋದ ಮೇಲೆ ತಿಮಿಂಗಿಲ ಬೇಟೆಗಾರರು, ವ್ಯಾಪಾರಿಗಳು, ಪಾದ್ರಿಗಳು ಒಬ್ಬರ ಹಿಂದೊಬ್ಬರು ಬಂದರು.

1840ರ ಫೆಬ್ರವರಿ 6ರಂದು ವೈಟಾಂಗಿ ಎಂಬಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿ ವಿಲಿಯಂ ಹಾಬ್ಸನ್‌ಗೂ ಮಾವೋರಿ ಮುಖಂಡರಿಗೂ ಒಪ್ಪಂದವಾಯಿತು. ಇಂಗ್ಲಿಷ್ ಕರಡನ್ನು ಹೆನ್ರಿ ವಿಲಿಯಮ್ಸ್ ಎಂಬ ಪಾದ್ರಿ ಮಗನೊಡನೆ ಕುಳಿತು ಒಂದೇ ರಾತ್ರಿಯಲ್ಲಿ ಮಾವೋರಿ ಭಾಷೆಗೆ ತಂದಿದ್ದ. ತೊಡಕು ಇದ್ದದ್ದು ಇಲ್ಲಿಯೇ. ಮುಖಂಡರು ತಮ್ಮ ಸಾರ್ವಭೌಮ ಅಧಿಕಾರವನ್ನೆಲ್ಲ ರಾಣಿಗೆ ಒಪ್ಪಿಸಿದ್ದಾರೆ ಎಂದು ಇಂಗ್ಲಿಷ್ ಪ್ರತಿ ಹೇಳುತ್ತಿತ್ತು. ಮಾವೋರಿ ಪ್ರತಿಯಲ್ಲಿದ್ದದ್ದು 'ಕಾವನತಂಗ' ಎಂಬ ಮಾತು. ಅಂದರೆ ಗವರ್ನರನ ಆಡಳಿತ, ಅಷ್ಟೇ. ಜೊತೆಗೆ ತಮ್ಮ ಭೂಮಿ, ಹಳ್ಳಿ, ಸಂಪತ್ತುಗಳ ಮೇಲಿನ ಮುಖಂಡರ ಯಜಮಾನಿಕೆ ಹಾಗೆಯೇ ಉಳಿಯುತ್ತದೆ ಎಂದೂ ಅದರಲ್ಲಿ ಬರೆದಿತ್ತು. ಮುಂದಿನ ತಿಂಗಳುಗಳಲ್ಲಿ ದೇಶದುದ್ದಕ್ಕೂ 500ಕ್ಕೂ ಹೆಚ್ಚು ಮುಖಂಡರು ರುಜು ಹಾಕಿದರು. ಅವರಲ್ಲಿ ಹೆಚ್ಚಿನವರು ರುಜು ಹಾಕಿದ್ದು ಮಾವೋರಿ ಪ್ರತಿಗೆ. ಸರ್ಕಾರ ನಡೆದುಕೊಂಡದ್ದು ಮಾತ್ರ ಇಂಗ್ಲಿಷ್ ಪ್ರತಿಯಂತೆ.

ವಲಸಿಗರ ಹಡಗುಗಳು ಬರುತ್ತಲೇ ಇದ್ದವು. 1858ರ ಹೊತ್ತಿಗೆ ಅವರ ಸಂಖ್ಯೆ ಮಾವೋರಿಗಳನ್ನು ಮೀರಿತು. ಬಂದವರಿಗೆಲ್ಲ ಜಮೀನು ಬೇಕು. ಟರಾನಾಕಿ ಪ್ರಾಂತ್ಯದ ವೈಟಾರದಲ್ಲಿ ಟೈರಾ ಎಂಬವನು ಭೂಮಿ ಮಾರಲು ಮುಂದಾದ. ಹಿರಿಯ ಮುಖಂಡ ವಿರೆಮು ಕಿಂಗಿ ಒಪ್ಪಲಿಲ್ಲ. ಆದರೂ ಸರ್ಕಾರ ಕೊಂಡಿತು. 1860ರಲ್ಲಿ ಯುದ್ಧವೇ ಆಯಿತು. 1863ರ ಕಾಯಿದೆಯೊಂದರ ಬಲದಿಂದ, ದಂಗೆಕೋರರದ್ದು ಎಂಬ ನೆಪದಲ್ಲಿ, ಸರ್ಕಾರ ಲಕ್ಷಾಂತರ ಎಕರೆ ಮುಟ್ಟುಗೋಲು ಹಾಕಿಕೊಂಡಿತು. ದಂಗೆಯಲ್ಲಿ ಸೇರದವರ ಭೂಮಿಯೂ ಹೋಯಿತು.

ನೆಲ ಕಳೆದುಕೊಂಡವರು ಟರಾನಾಕಿಯ ಪರಿಹಾಕ ಎಂಬ ಹಳ್ಳಿಯಲ್ಲಿ ಒಟ್ಟುಗೂಡಿದರು. ತೆ ವಿಟಿ, ತೊಹು ಕಾಕಾಹಿ ಎಂಬ ಇಬ್ಬರು ಅವರ ನಾಯಕರು. ಆಯುಧ ಹಿಡಿಯಬಾರದು, ಭೂಮಿಯನ್ನೂ ಬಿಡಬಾರದು ಎಂಬುದು ಅವರ ಬೋಧನೆ. ಬಿಳಿ ಗರಿ ಅವರ ಗುರುತು.

ಮಾವೋರಿಗಳಿಗೆ ಬಿಡುತ್ತೇವೆಂದಿದ್ದ ಜಮೀನನ್ನು ಗುರುತಿಸದೆಯೇ ಸರ್ಕಾರ ಸರ್ವೆ ಶುರುಮಾಡಿತು. 1879ರ ಮೇ ತಿಂಗಳಲ್ಲಿ ಪರಿಹಾಕದ ಜನ ವಲಸಿಗರ ವಶದಲ್ಲಿದ್ದ ಹೊಲಗಳಿಗೆ ನೇಗಿಲು ಕಟ್ಟಿದರು. ಇದು ನಮ್ಮ ನೆಲ ಎಂದು ಅವರು ಹೇಳಿದ ರೀತಿ ಅದು. ಪೊಲೀಸರು ಹಿಡಿದುಕೊಂಡು ಹೋದರೆ ಎದುರಾಡಲಿಲ್ಲ. ಮರುದಿನ ಬೇರೆಯವರು ಬಂದು ಉತ್ತರು. ಮುಂದಿನ ವರ್ಷ ರಸ್ತೆ ಮಾಡಲು ಬೇಲಿ ಕಿತ್ತರೆ, ಇವರು ಮತ್ತೆ ಬೇಲಿ ಕಟ್ಟಿದರು. ಹೀಗೆ ನೂರಾರು ಮಂದಿ ಸೆರೆಯಾದರು. ವಿಚಾರಣೆಯೇ ಇಲ್ಲದೆ ಅವರನ್ನು ದೂರದ ದಕ್ಷಿಣ ದ್ವೀಪದ ಜೈಲುಗಳಲ್ಲಿಟ್ಟರು. ಕೆಲವರು ಅಲ್ಲಿಯೇ ಸತ್ತರು.

1881ರ ನವೆಂಬರ್ 5ರ ಬೆಳಿಗ್ಗೆ ಮಂತ್ರಿ ಜಾನ್ ಬ್ರೈಸ್ ಸುಮಾರು 1,600 ಸಶಸ್ತ್ರ ಜನರೊಡನೆ ಹಳ್ಳಿಯ ಮೇಲೆ ಬಂದ. ಅವರಿಗೆ ಮೊದಲು ಎದುರಾದವರು ಮಕ್ಕಳು! ಹುಡುಗರು ಹಾಡುತ್ತ ಕುಣಿಯುತ್ತಿದ್ದರು, ಹುಡುಗಿಯರು ಹಗ್ಗದಾಟ ಆಡುತ್ತಿದ್ದರು. ಬಂದವರಿಗೆಂದು ರೊಟ್ಟಿ ಸುಟ್ಟಿಟ್ಟಿದ್ದರು. ಎರಡು ಸಾವಿರಕ್ಕೂ ಹೆಚ್ಚು ಜನ ಅಂಗಳದಲ್ಲಿ ಸುಮ್ಮನೆ ಕುಳಿತಿದ್ದರು. ಒಬ್ಬರೂ ಕೈ ಎತ್ತಲಿಲ್ಲ. ಆದರೂ ನಾಯಕರಿಬ್ಬರನ್ನೂ ಬಂಧಿಸಿದರು, ಮನೆಗಳನ್ನು ಕೆಡವಿದರು, ಬೆಳೆ ಹಾಳುಮಾಡಿದರು, ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. ಆಗ ನಮ್ಮ ಗಾಂಧೀಜಿ ಇನ್ನೂ 12 ವರ್ಷದ ಬಾಲಕ.

ತೆ ವಿಟಿ, ತೊಹು 1883ರಲ್ಲಿ ಹಿಂದಿರುಗಿ ಹಳ್ಳಿಯನ್ನು ಮತ್ತೆ ಕಟ್ಟಿದರು. ಮಾವೋರಿಗಳು ಆ ಹಳೆಯ ಒಪ್ಪಂದವನ್ನು ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ. 1975ರಲ್ಲಿ ಅದರ ಉಲ್ಲಂಘನೆಗಳನ್ನು ವಿಚಾರಿಸಲು ನ್ಯಾಯಮಂಡಳಿ ಬಂತು. 1985ರಲ್ಲಿ 1840ರವರೆಗಿನ ಹಳೆಯ ದೂರುಗಳನ್ನೂ ವಿಚಾರಿಸುವ ಅಧಿಕಾರ ಅದಕ್ಕೆ ಸಿಕ್ಕಿತು. 1987ರಲ್ಲಿ ಮಾವೋರಿ ಭಾಷೆ ಅಧಿಕೃತ ಭಾಷೆಯಾಯಿತು. 2017ರ ಜೂನ್ 9ರಂದು ಸರ್ಕಾರವೇ ಪರಿಹಾಕಕ್ಕೆ ಹೋಗಿ, ಅಲ್ಲಿ ನಡೆದುದನ್ನೆಲ್ಲ ಒಪ್ಪಿಕೊಂಡು ಕ್ಷಮೆ ಕೇಳಿತು. ಅಷ್ಟರಲ್ಲಿ 135 ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಹೋದ ಭೂಮಿಯಲ್ಲಿ ಬಹುಪಾಲು ಮರಳಿ ಬಂದಿಲ್ಲ.

ಓದು ಬರಹ ಏತಕ್ಕೆ ಎಂದು ಕೇಳುವ ಮಕ್ಕಳಿಗೆ ಈ ಕಥೆಯನ್ನು ಹೇಳಬಹುದು. ಮಾವೋರಿಗಳು ತಮ್ಮ ಭಾಷೆಯಲ್ಲಿ ಓದಿ ಕೇಳಿಯೇ ರುಜು ಹಾಕಿದ್ದರು. ಇನ್ನೊಂದು ಭಾಷೆಯ ಕಾಗದ ಏನು ಹೇಳುತ್ತಿದೆ ಎಂಬುದು ಅವರಿಗೆ ತಿಳಿಯಲಿಲ್ಲ. ಮುಂದೆ ಅದೇ ಮಾವೋರಿ ಪ್ರತಿಯನ್ನು ಮುಂದಿಟ್ಟುಕೊಂಡೇ ಅವರ ಮೊಮ್ಮಕ್ಕಳು, ಮರಿಮಕ್ಕಳು ನ್ಯಾಯ ಕೇಳಿದರು. ನಮ್ಮ ಮಕ್ಕಳು ತಾಯ್ನುಡಿಯನ್ನೂ ಗಟ್ಟಿಯಾಗಿ ಕಲಿಯಲಿ, ಕಾಗದ ಬರೆಯುವವರ ಭಾಷೆಯನ್ನೂ ಕಲಿಯಲಿ. ಈ 50 ವರ್ಷಗಳಲ್ಲಿ ನಮ್ಮ ಶಾಲೆ ಮಾಡುತ್ತ ಬಂದಿರುವ ಕೆಲಸವೂ ಅದೇ.