ಯೆಜ್ಡಿ ಬಿಡಿಭಾಗಕ್ಕೊಂದು ಕೂಡುಪಟ್ಟಿ

ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮೂಲ ವಿನ್ಯಾಸ ಜೆಕೊಸ್ಲೊವಾಕಿಯದ್ದು. 1973ರಿಂದ ಗಾಡಿಯ ಹೆಸರು ಯೆಜ್ಡಿ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್!

1996ರಲ್ಲಿ ಕಾರ್ಖಾನೆ ಮುಚ್ಚಿತು, ಗಾಡಿಗಳು ಓಡುತ್ತಲೇ ಇದ್ದವು. ಅಂಗಡಿಗಳ ಹಳೇ ಸ್ಟಾಕ್ ಕರಗಿತು. ಒಬ್ಬರಿಗೆ ಬೇಕಾದ ಒಂದೇ ರಬ್ಬರ್ ಬುಷ್‌ಗೆ ಯಾರು ಅಚ್ಚು ಮಾಡಿಕೊಡುತ್ತಾರೆ? ಅಚ್ಚಿನ ಖರ್ಚು ಒಂದಕ್ಕೂ ನೂರಕ್ಕೂ ಅಷ್ಟೇ. ಹಾಗಾಗಿ ಅಭಿಮಾನಿಗಳು ಪಟ್ಟಿ ಬರೆದು, ಮುಂಗಡ ಕೂಡಿಸಿ, ಒಟ್ಟಿಗೆ ಆರ್ಡರ್ ಕೊಡತೊಡಗಿದರು. ದುಡ್ಡಿಗಿಂತ ಅಳತೆಯೇ ತೊಡಕು, ನನ್ನ ಪ್ರಕಾರ. ಮಾದರಿಗೆ ಕೊಟ್ಟ ತುಂಡು ಸವೆದಿದ್ದರೆ ನೂರೂ ಸವೆದ ಅಳತೆಯಲ್ಲೇ ಬರುತ್ತವೆ. (ಗಣಿತ ಪರೀಕ್ಷೆಗೆ ಮಾತ್ರ ಎನ್ನುವ ಮಕ್ಕಳು ಗಮನಿಸಿ.)

2018ರಲ್ಲಿ ಜಾವಾ ಹೆಸರು ಮರಳಿತು. ಅದು ನಾಲ್ಕು ಸ್ಟ್ರೋಕಿನ ಎಂಜಿನ್. ಅದರ ಪಿಸ್ಟನ್ ಹಳೇ ಎರಡು ಸ್ಟ್ರೋಕಿನ ಯೆಜ್ಡಿಗೆ ಕೂರುವುದಿಲ್ಲ.