ಗಡಿನಾಡಿನ ಬ್ಯಾಂಜೋ ಮೇಳಗಳು

ಕನ್ನಡ ನಾಟಕ ಮಂಡಳಿಗಳ ಇತಿಹಾಸವನ್ನು ಬರೆಯಲು ಸಾಧನಗಳ ಕೊರತೆಯಿಲ್ಲ. ಶಿರಹಟ್ಟಿಯ ಮಂಡಳಿಗೂ ಕೊಣ್ಣೂರ ಮಂಡಳಿಗೂ ಯಜಮಾನರಿದ್ದರು, ಹಸ್ತಪತ್ರಿಕೆಗಳಿದ್ದವು. ಆ ಕಾಲದ ಅನೇಕ ಗಾಯಕರ ಧ್ವನಿಯನ್ನು ಗ್ರಾಮೋಫೋನಿನ ತಟ್ಟೆಗಳು ಹಿಡಿದಿಟ್ಟವು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ, ಸತ್ತಿಯಂಥ ಕೃಷ್ಣಾತೀರದ ಊರುಗಳಲ್ಲಿ, ಮೀಸೆ ಮೂಡುವ ವಯಸ್ಸಿನ ಹುಡುಗರು ಕಟ್ಟಿದ ಬ್ಯಾಂಜೋ ಮೇಳಗಳ ವಿಷಯವಾಗಿ ಲೇಖನಿಯನ್ನೆತ್ತಿದವರು ವಿರಳ. ಉಪೇಕ್ಷೆಯ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಸುಶಿಕ್ಷಿತರ ಕಿವಿಗೆ ಅದು ಸಂಗೀತವಲ್ಲ, ಗದ್ದಲ. ಗದ್ದಲವೆಂಬ ಮಾತು ಸುಳ್ಳೂ ಅಲ್ಲ. ಆದರೆ ಗದ್ದಲಕ್ಕೂ ಒಂದು ವಂಶಾವಳಿಯುಂಟು. ಈ ಗದ್ದಲದ ವಂಶಾವಳಿಯು ಅನೇಕ ಘನವಾದ ಸಂಗತಿಗಳಿಗಿಂತ ವಿಚಿತ್ರವಾಗಿದೆ.

ಮೊದಲು ವಾದ್ಯದ ಹೆಸರನ್ನೇ ವಿಚಾರಿಸಬೇಕು. ಅಮೇರಿಕೆಗೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕದ ಜನರು ಸೋರೆಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ತಂತೀವಾದ್ಯದಿಂದ ಬೆಳೆದದ್ದು ನಿಜವಾದ ಬ್ಯಾಂಜೋ. ಈ ಸೀಮೆಯ ಬ್ಯಾಂಜೋಕ್ಕೂ ಅದಕ್ಕೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ಇದು ಜಪಾನದ ಸಂತಾನ. ನಾಗೋಯಾ ನಗರದ ಮೊರಿತಾ ಗೋರೋ ಎಂಬವನು 1912ರಲ್ಲಿ, ಅಲ್ಲಿ ತೈಶೋ ಎಂಬ ಹೊಸ ಶಕೆಯು ಆರಂಭವಾದ ವರ್ಷದಲ್ಲಿಯೇ, ಟೈಪರೈಟರಿನ ಗುಂಡಿಗಳನ್ನು ನೋಡಿ ಒಂದು ಉದ್ದ ಪೆಟ್ಟಿಗೆಯ ತಂತಿಗಳ ಮೇಲೆ ಅಂಥವೇ ಗುಂಡಿಗಳನ್ನು ಕೂಡಿಸಿದನು. ಅದರ ಹೆಸರು ತೈಶೋಗೋತೋ. ಸಮುದ್ರ ದಾಟಿ ಹಿಂದುಸ್ಥಾನಕ್ಕೆ ಬಂದಾಗ ಅದು ಬುಲ್‌ಬುಲ್ ತರಂಗವೆನಿಸಿತು; ಬಲೂಚಿ ಜನರಲ್ಲಿ ಬೆಂಜು ಎನಿಸಿತು; ಈ ಕಡೆಯಲ್ಲಿ ಬ್ಯಾಂಜೋ ಎಂದೇ ರೂಢಿಯಾಯಿತು. ಪಕ್ಷಿಯ ಹೆಸರಿಗೆ ಸಂಸ್ಕೃತದ ತರಂಗ ಶಬ್ದವನ್ನು ಜೋಡಿಸಿದವನು ಯಾರೋ ರಸಿಕನೇ ಇರಬೇಕು.

ಎಡಗೈಯಿಂದ ಗುಂಡಿಯನ್ನೊತ್ತಿದರೆ ತಂತಿಯು ಆ ಸ್ವರದ ಮನೆಯಲ್ಲಿ ಕಚ್ಚಿ ನಿಲ್ಲುವದು. ಬಲಗೈಯಲ್ಲಿ ಮೀಟಿದರೆ ನಾದ ಹೊರಡುವದು. ಮೀಂಡ, ಗಮಕಗಳ ಸೂಕ್ಷ್ಮಕ್ಕೆ ಅದರಲ್ಲಿ ಹೆಚ್ಚು ಎಡೆಯಿಲ್ಲ. ಆದರೆ ತಂತಿಯನ್ನು ಒಮ್ಮೆ ಸರಿಯಾಗಿ ಕೂಡಿಸಿಟ್ಟ ಮೇಲೆ ಅಪಸ್ವರ ನುಡಿಸುವದೂ ಸುಲಭವಲ್ಲ. ಗುಂಡಿಗಳ ಮೇಲೆ ಅಂಕಿಗಳನ್ನು ಬರೆದುಕೊಂಡರೆ ಸರಿಗಮಗಳನ್ನೇ ಅರಿಯದವನೂ ಒಂದು ಸಿನೇಮಾ ಹಾಡಿನ ಚಾಲನ್ನು ಕೆಲವು ದಿನಗಳಲ್ಲಿ ನುಡಿಸಬಲ್ಲನು. ಗುರುವಿಲ್ಲದ ಹುಡುಗನಿಗೆ ಇಂಥ ವಾದ್ಯವು ದೊರೆತದ್ದು ಸಣ್ಣ ಸಂಗತಿಯಲ್ಲ.

ಅದಕ್ಕೂ ಹಿಂದೆ ಮೆರವಣಿಗೆಯ ಮುಂದೆ ಯಾರು ನುಡಿಸುತ್ತಿದ್ದರು? ಹಲಗೆ, ಸನಾದಿ, ಕರಡಿಮಜಲುಗಳು ಈ ನಾಡಿನ ಪುರಾತನ ವಾದ್ಯಗಳು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ 1922ರಿಂದ ನೆಲೆಸಿದ ಮರಾಠಾ ಪಲಟಣಿನ ಕೇಂದ್ರವು ಹಿತ್ತಾಳೆಯ ಕೊಳವೆಗಳ ಬ್ಯಾಂಡಿನ ರುಚಿಯನ್ನು ಜನರಿಗೆ ಹತ್ತಿಸಿತು. ಮದುವೆಯ ಬ್ಯಾಂಡುಗಳವರ ಕೆಂಪು ಅಂಗಿ, ಭುಜದ ಗೊಂಡೆಗಳು ಸೈನ್ಯದ ವೇಷದ ಅನುಕರಣೆಗಳೇ. ತಿಲಕರು 1893ರಲ್ಲಿ ಪುಣೆಯಲ್ಲಿ ಸಾರ್ವಜನಿಕಗೊಳಿಸಿದ ಗಣೇಶೋತ್ಸವವು 1905ರ ಸುಮಾರಿಗೆ ಬೆಳಗಾವಿಗೂ ಬಂದು, ಮೆರವಣಿಗೆಗಳಿಗೆ ಹೊಸ ಸಂದರ್ಭವನ್ನು ಒದಗಿಸಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಲಗೆಗೂ ಸನಾದಿಗೂ ಜಾತಿಯ ಗಂಟು ಬಿದ್ದಿತ್ತು. ನುಡಿಸುವವರು ಮದುವೆಗೆ ಬೇಕು, ಊಟದ ಪಂಕ್ತಿಗೆ ಬೇಡ ಎಂಬ ವ್ಯವಸ್ಥೆ ಅದು. ಆ ವಾದ್ಯವನ್ನು ಮುಟ್ಟಲು ಮೇಲಿನವರೆನಿಸಿಕೊಂಡವರ ಮಕ್ಕಳು ನಾಚುತ್ತಿದ್ದರು. ಅದನ್ನು ಬಿಡಲು ಆ ವೃತ್ತಿಯವರ ಮಕ್ಕಳಿಗೆ ಸ್ವಾತಂತ್ರ್ಯವಿರಲಿಲ್ಲ. ಜಪಾನದಿಂದ ಬಂದ ಪೆಟ್ಟಿಗೆಗೆ ಮಾತ್ರ ಜಾತಿಯಿರಲಿಲ್ಲ. ಅದು ಯಾವ ಹಕ್ಕುದಾರನ ಸೊತ್ತೂ ಅಲ್ಲ, ಯಾವ ಮನೆತನದ ಕರ್ತವ್ಯವೂ ಅಲ್ಲ. ಬ್ಯಾಂಜೋ ಮೇಳದಲ್ಲಿ ಬೇರೆ ಬೇರೆ ಓಣಿಗಳ ಹುಡುಗರು ಒಂದೇ ಸಾಲಿನಲ್ಲಿ ನಿಲ್ಲುವದು ಸಾಧ್ಯವಾಯಿತು. ಗಣಪತಿಯ ವಿಸರ್ಜನೆಗೆ ನುಡಿಸಿದ ಮೇಳವನ್ನು ಉರುಸಿಗೂ ಕರೆಯುವದು ಸಾಧ್ಯವಾಯಿತು. ಜಾತಿಭೇದವು ಇದರಿಂದ ಅಳಿಯಿತೆಂದು ಹೇಳುವದು ಅತಿಶಯೋಕ್ತಿ. ಆದರೂ ಈ ಒಂದು ಸಾಲು ಲಕ್ಷ್ಯಕ್ಕೆ ಯೋಗ್ಯವಾದದ್ದು.

1980ರ ದಶಕದಲ್ಲಿ ಕ್ಯಾಸೆಟ್ಟುಗಳು ಅಗ್ಗವಾದ ಮೇಲೆ ಹುಡುಗರ ಗುರುವು ಟೇಪರಿಕಾರ್ಡರೇ ಆಯಿತು. ಹಾಡನ್ನು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಬೆರಳಿಗೆ ತಂದುಕೊಳ್ಳುವದೇ ಅಭ್ಯಾಸ. ಇದನ್ನು ನೋಡಿ ನಗುವವರು, ಬೆಳಗಾವಿಯ ಹತ್ತಿರದ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಬಾಲ್ಯದಲ್ಲಿ ದೊಡ್ಡ ಗವಾಯಿಗಳ ತಟ್ಟೆಗಳನ್ನು ಕೇಳಿಯೇ ಹಾಡಿ ಸಭೆಗಳನ್ನು ಬೆರಗುಗೊಳಿಸಿದರೆಂಬುದನ್ನು ನೆನೆಯಬೇಕು. ತಂತಿಗಳ ಕೆಳಗೆ ಅಯಸ್ಕಾಂತದ ಸುರುಳಿಯನ್ನಿಟ್ಟು ವಿದ್ಯುತ್ತಿನ ಆಂಪ್ಲಿಫಾಯರಿಗೆ ಜೋಡಿಸಿದಾಗ ಬುಲ್‌ಬುಲ್ ಪಕ್ಷಿಯು ಗರುಡನಾಯಿತು. ಅದರ ಜೊತೆಗೆ ಡೋಲು, ತಾಸೆ, ಮುಂದೆ ಕ್ಯಾಸಿಯೋ ಪೆಟ್ಟಿಗೆ. ಕಬ್ಬು ಹೇರುವ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಜನರೇಟರು, ಭೋಂಗಾ. ದುಡ್ಡು ಗೆಳೆಯರ ವರ್ಗಣಿಯದು. ತಾಲೀಮು ನಡೆಯುವದು ದನದ ಕೊಟ್ಟಿಗೆಯಲ್ಲಿಯೋ ತೋಟದ ಮನೆಯಲ್ಲಿಯೋ, ಹಿರಿಯರ ಬೈಗುಳ ಕೇಳಿಸದ ದೂರದಲ್ಲಿ. ಒಬ್ಬನು ಸಕ್ಕರೆ ಕಾರಖಾನೆಗೆ ಸೇರಿದರೆ, ಇನ್ನೊಬ್ಬನಿಗೆ ಲಗ್ನವಾದರೆ, ಮೇಳ ಮುರಿಯುವದು. ಬ್ಯಾಂಜೋ ಮಾತ್ರ ತಮ್ಮನ ಕೈಗೆ ಹೋಗುವದು.

ಇಂಥದೇ ಹುಡುಗರು ಅಮೇರಿಕೆಯಲ್ಲಿಯೂ ಇದ್ದರು. 1964ರ ಫೆಬ್ರುವರಿ 9ರಂದು ಬೀಟಲ್ಸ್ ಎಂಬ ಇಂಗ್ಲಂಡಿನ ನಾಲ್ವರು ಅಲ್ಲಿಯ ಟೆಲಿವಿಜನ್ನಿನಲ್ಲಿ ಹಾಡಿದ್ದನ್ನು ಸುಮಾರು 7.3 ಕೋಟಿ ಜನರು ನೋಡಿದರು. ಸಣ್ಣ ಸಣ್ಣ ಊರುಗಳಲ್ಲಿಯೂ ಶಾಲೆಯ ಹುಡುಗರು ಗಿಟಾರು ಹಿಡಿದು ಮೇಳ ಕಟ್ಟಿದರು. ಮೋಟಾರು ನಿಲ್ಲಿಸುವ ಗ್ಯಾರೇಜಿನಲ್ಲಿ ತಾಲೀಮು ಮಾಡುತ್ತಿದ್ದುದರಿಂದ ಅವುಗಳಿಗೆ ಗ್ಯಾರೇಜ್ ಬ್ಯಾಂಡುಗಳೆಂದು ಹೆಸರಾಯಿತು. ಅಲ್ಲಿಯ ಗ್ಯಾರೇಜಿಗೂ ಇಲ್ಲಿಯ ಕೊಟ್ಟಿಗೆಗೂ ಭೇದವು ಅಲ್ಪ. ಭೇದವಿರುವದು ಬೇರೆ ಕಡೆಯಲ್ಲಿ. ಆ ಹುಡುಗರು ಅಲ್ಪ ಹಣದಲ್ಲಿ ಒಂದು ತಟ್ಟೆಯನ್ನು ಮುದ್ರಿಸಬಹುದಾಗಿತ್ತು. ನ್ಯೂ ಹ್ಯಾಂಪ್‌ಶಾಯರ್ ಪ್ರಾಂತದ ಫ್ರೀಮಾಂಟ್ ಎಂಬ ಪುಟ್ಟ ಊರಿನ ವಿಗಿನ್ ಮನೆತನದ ಡಾಟ್, ಬೆಟ್ಟಿ, ಹೆಲನ್ ಎಂಬ ಅಕ್ಕತಂಗಿಯರ ಕಥೆ ಇದಕ್ಕೆ ದೃಷ್ಟಾಂತ. ಅವರಿಗೆ ತಾಳವೂ ನಿಲ್ಲುತ್ತಿರಲಿಲ್ಲ, ಶ್ರುತಿಯೂ ಕೂಡುತ್ತಿರಲಿಲ್ಲ. ಆದರೂ ತಂದೆಯು ಹಟ ಹಿಡಿದು 1969ರಲ್ಲಿ ಶ್ಯಾಗ್ಸ್ ಎಂಬ ಹೆಸರಿನಲ್ಲಿ ಅವರ ಹಾಡುಗಳನ್ನು ಮುದ್ರಿಸಿದನು. ಊರಿನ ಸಭಾಗೃಹದಲ್ಲಿ ಶನಿವಾರ ಶನಿವಾರ ಹಾಡಿ ಊರವರ ಗೇಲಿಯನ್ನು ಸಹಿಸಿದ ಈ ಮೇಳವು 1975ರಲ್ಲಿ ತಂದೆಯು ತೀರಿಕೊಂಡೊಡನೆ ನಿಂತಿತು. 1980ರಲ್ಲಿ ಆ ತಟ್ಟೆಯು ಮತ್ತೆ ಮುದ್ರಿತವಾಗಿ, ಗೇಲಿಯೇ ಕುತೂಹಲವಾಗಿ ಮಾರ್ಪಟ್ಟಿತು. ಹಿಂದುಸ್ಥಾನದಲ್ಲಿಯೂ ಸಿಮ್ಲಾ ಸಿಗರೇಟಿನವರು 1970, 71ರಲ್ಲಿ ನಡೆಸಿದ ಸ್ಪರ್ಧೆಗಳಲ್ಲಿ ನುಡಿಸಿದ ನಗರಗಳ ಹುಡುಗರ ಮೇಳಗಳು ತಟ್ಟೆಯಾದದ್ದರಿಂದಲೇ ಇಂದಿಗೂ ಸಂಗ್ರಾಹಕರಿಗೆ ಗೊತ್ತು.

ಬ್ಯಾಂಜೋ ಮೇಳಗಳಿಗೆ ಇಂಥ ತಟ್ಟೆಯನ್ನು ಮಾಡಿಸುವವರು ಯಾರು? ಅವರು ನುಡಿಸಿದ್ದೆಲ್ಲ ಬೇರೆಯವರ ಸಿನೇಮಾ ಹಾಡುಗಳು. ಕೊಳ್ಳುವವರು ಮೂಲವನ್ನೇ ಕೊಳ್ಳುತ್ತಿದ್ದರು. ಮುಂದೆ ಆ ಮೂಲವೇ ಮೇಳವನ್ನು ತಿಂದಿತು. ಡೀಜೆ ಎಂಬ ಪರ್ವತಾಕಾರದ ಪೆಟ್ಟಿಗೆಗಳ ಗಾಡಿಗೆ ನುಡಿಸುವವರೇ ಬೇಡ. ಗುಂಡಿ ಒತ್ತುವ ಒಬ್ಬನು ಸಾಕು. 2000ದ ಶಬ್ದಮಾಲಿನ್ಯ ನಿಯಮಗಳು, ಅವುಗಳನ್ನು ಎತ್ತಿ ಹಿಡಿದ ಸುಪ್ರೀಮ್ ಕೋರ್ಟಿನ 2005ರ ಜುಲೈ 18ರ ತೀರ್ಪು ರಾತ್ರಿ ಹತ್ತರ ನಂತರದ ಧ್ವನಿವರ್ಧಕವನ್ನು ಕಟ್ಟಿ ಹಾಕಿದವು. ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಇದು ಉಪಕಾರವೇ. 2016ರಲ್ಲಿ ಬ್ಯಾಂಜೋ ಎಂಬ ಹೆಸರಿನ ಹಿಂದೀ ಚಿತ್ರವೊಂದು ಮುಂಬಯಿಯ ಇಂಥ ಹುಡುಗರನ್ನು ಕಥಾನಾಯಕರನ್ನಾಗಿ ಮಾಡಿತು. ಗಡಿನಾಡಿನವರಿಗೆ ಅಷ್ಟೂ ದೊರೆಯಲಿಲ್ಲ.

ಹಾಗಾದರೆ ಈ ಮೇಳಗಳ ಧ್ವನಿಯು ಎಲ್ಲಿಯೂ ಉಳಿದಿಲ್ಲವೆ? ಒಂದು ಕಡೆ ಉಳಿದಿರಬಹುದು. 1980, 90ರ ದಶಕಗಳ ಸುಸ್ಥಿತಿಯ ಮನೆಗಳ ಲಗ್ನಗಳಲ್ಲಿ ವಿಡಿಯೋ ತೆಗೆಯಿಸುವ ಪದ್ಧತಿಯಿತ್ತು. ಅಕ್ಷತೆಗೂ ಬೀಗರ ಊಟಕ್ಕೂ ನಡುವೆ, ವರನ ಮೆರವಣಿಗೆಯ ಮುಂದೆ, ನಾಲ್ಕೈದು ನಿಮಿಷಗಳ ಹೊತ್ತು ಆ ಹುಡುಗರು ಕಾಣಿಸಿಕೊಳ್ಳುತ್ತಾರೆ. ವಾಚಕರ ಕಪಾಟುಗಳಲ್ಲಿಯೇ ಅಂಥ ಕ್ಯಾಸೆಟ್ಟುಗಳು ಇದ್ದಾವು. ತೇವದಲ್ಲಿ ಆ ಸುರುಳಿಯ ಲೇಪವು ಕಿತ್ತು ಹೋಗುವದು. ಅದನ್ನು ತೋರಿಸುವ ಯಂತ್ರವನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನದ ಫುನಾಯ್ ಕಾರಖಾನೆಯು 2016ರ ಜುಲೈದಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಕೃಷ್ಣೆಯು 2005ರಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ದಂಡೆ ಮೀರಿ ಅಥಣಿ ಸೀಮೆಯ ಊರುಗಳನ್ನು ಹೊಕ್ಕಳು. ಅಟ್ಟದ ಮೇಲಿದ್ದ ಪೆಟ್ಟಿಗೆಗಳಷ್ಟೇ ಒಣಗಿ ಉಳಿದವು.