ಹೆಸರಲ್ಲೇ ‘ಸುಲಭ’ ಇದ್ದ ಸಾಫ್ಟ್‌ವೇರ್

“ಸರ್ಕ್ಯೂಟ್ ಡಯಾಗ್ರಾಂ ಬಿಡಿಸೋಕೆ ಯಾವ ಸಾಫ್ಟ್‌ವೇರ್ ಸುಲಭ?” ವಾರಾಂತ್ಯದಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯಲು ಹೊರಟ ಗೆಳೆಯರು ನನ್ನನ್ನು ಮೊದಲು ಕೇಳುವುದು ಇದನ್ನೇ. ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಫೀಚರ್‌ಗಳ ಪಟ್ಟಿಯಲ್ಲಿ ಅಲ್ಲ, ಎರಡು ಸಾಫ್ಟ್‌ವೇರ್‌ಗಳ ಚರಿತ್ರೆಯಲ್ಲಿ.

ಮೊದಲನೆಯದು ಈಗಲ್. 1988ರಲ್ಲಿ ಜರ್ಮನಿಯ ಕ್ಯಾಡ್‌ಸಾಫ್ಟ್ ಕಂಪನಿ ಇದನ್ನು ಡಾಸ್ ಕಂಪ್ಯೂಟರ್‌ಗಳಿಗೆ ತಂದಿತು. ಹೆಸರು ಹದ್ದಿನದ್ದೇ ಆದರೂ, ಅದರ ಅಕ್ಷರಗಳನ್ನು ಜರ್ಮನ್‌ನಲ್ಲಿ ಬಿಡಿಸಿದರೆ ‘ಸುಲಭವಾಗಿ ಬಳಸಬಹುದಾದ ಲೇಔಟ್ ಎಡಿಟರ್’ ಅಂತ ಅರ್ಥ. ಉಚಿತ ಆವೃತ್ತಿಯಲ್ಲಿ 100ಕ್ಕೆ 80 ಮಿಲಿಮೀಟರ್ ಬೋರ್ಡ್ ಮಾಡಬಹುದಿತ್ತು. ಹವ್ಯಾಸಿಗಳಿಗೆ ಅಷ್ಟು ಸಾಕು, ಅದನ್ನೇ ಕಲಿತರು. ಆಮೇಲೆ ಯಜಮಾನರು ಬದಲಾದರು: 2009ರಲ್ಲಿ ಪ್ರೀಮಿಯರ್ ಫಾರ್ನೆಲ್, 2016ರಲ್ಲಿ ಆಟೋಡೆಸ್ಕ್. 2017ರಿಂದ ಒಮ್ಮೆ ಕೊಂಡರೆ ಮುಗೀತು ಅನ್ನೋ ಲೈಸೆನ್ಸ್ ಹೋಗಿ ಚಂದಾ ಬಂತು. 2026ರ ಜೂನ್ 7ಕ್ಕೆ ಈಗಲ್ ಕೊನೆಯಾಗುತ್ತದೆ ಎಂದು 2023ರಲ್ಲಿ ಆಟೋಡೆಸ್ಕ್ ಘೋಷಿಸಿತು. ವರ್ಷಗಟ್ಟಲೆ ಬಿಡಿಸಿಟ್ಟ ಚಿತ್ರಗಳ ಗತಿ?

ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಒಳಗೆ ವೈರಿಂಗ್ ಚಿತ್ರ ಅಂಟಿಸಿರುತ್ತಾರೆ. ಬಿಡಿಸಿದವರು ಯಾರೋ, ಎಲ್ಲಿದ್ದಾರೋ. ಆದರೂ ಮೋಟಾರ್ ಕೆಟ್ಟ ದಿನ ಬಂದ ಎಲೆಕ್ಟ್ರಿಷಿಯನ್ ಅದನ್ನು ಓದಿಯೇ ರಿಪೇರಿ ಮಾಡುತ್ತಾನೆ. ಸರ್ಕ್ಯೂಟ್ ಚಿತ್ರದ ಕೆಲಸವೇ ಅದು ಅಲ್ವಾ?

ಎರಡನೆಯದು ಕಿಕ್ಯಾಡ್. 1992ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಜಾನ್-ಪಿಯರ್ ಶರಾಸ್ ಎಂಬ ಮೇಷ್ಟ್ರು ಶುರು ಮಾಡಿದ್ದು. 2013ರ ಹೊತ್ತಿಗೆ ಜಿನೀವಾದ ಸರ್ನ್ ಪ್ರಯೋಗಾಲಯ ಕೈಜೋಡಿಸಿತು. ತಾವು ಹಂಚಿಕೊಂಡ ಹಾರ್ಡ್‌ವೇರ್ ಚಿತ್ರ ತೆರೆಯಲು ಇನ್ನೊಬ್ಬರು ದುಬಾರಿ ಸಾಫ್ಟ್‌ವೇರ್ ಕೊಳ್ಳಬೇಕಾದರೆ ಹಂಚಿ ಏನು ಬಂತು ಅನ್ನೋದು ಅವರ ಲೆಕ್ಕ. 2019ರಲ್ಲಿ ಕಿಕ್ಯಾಡ್ ಲಿನಕ್ಸ್ ಫೌಂಡೇಶನ್ ಸೇರಿತು.

ಇವೆರಡೂ ಒಂದು ಕಡೆ ಕೂಡುತ್ತವೆ. 2012ರ ಸುಮಾರಿಗೆ ಈಗಲ್ ತನ್ನ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದಾದ ಎಕ್ಸ್‌ಎಂಎಲ್ ಪಠ್ಯಕ್ಕೆ ಬದಲಿಸಿತ್ತು. 2018ರಲ್ಲಿ ಬಂದ ಕಿಕ್ಯಾಡ್ 5 ಆ ಫೈಲುಗಳನ್ನು ಓದತೊಡಗಿತು. ಹವ್ಯಾಸಿಗಳ ಹಳೆಯ ಚಿತ್ರಗಳಿಗೆ ದಾರಿ ಉಳಿದದ್ದು ಹೀಗೆ.

ಹಾಗಾಗಿ ಗೆಳೆಯರಿಗೆ ನಾನು ಹೇಳೋದು ಇಷ್ಟೇ. ಮೊದಲ ವಾರ ಬ್ರೌಸರ್‌ನಲ್ಲಿ ಟಿಂಕರ್‌ಕ್ಯಾಡ್ ತೆರೆದು ಎಲ್‌ಇಡಿ ಉರಿಸಿ ಆಟವಾಡಿ. ಇಟ್ಟುಕೊಳ್ಳಬೇಕಾದ ಚಿತ್ರವನ್ನು ಕಿಕ್ಯಾಡ್‌ನಲ್ಲಿ ಬಿಡಿಸಿ. ಎರಡು ವಾರಾಂತ್ಯ ಕಷ್ಟ ಅನ್ನಿಸುತ್ತೆ, ಅನ್ನಿಸಲಿ. ಸಿಮ್ಯುಲೇಶನ್ ಮೇಲೆ ಹೆಚ್ಚು ಆಸಕ್ತಿ ಇದ್ದರೆ, ಕಿಕ್ಯಾಡ್ ಮತ್ತು ಎನ್‌ಜಿಸ್ಪೈಸ್ ಸೇರಿಸಿ ಐಐಟಿ ಬಾಂಬೆ ಕಟ್ಟಿರುವ ಇಸಿಮ್ ಇದೆ, ಅದೂ ಉಚಿತ. ಯಾವುದೇ ಆಗಲಿ, ಮುಗಿಸಿದ ದಿನವೇ ಒಂದು ಪಿಡಿಎಫ್ ತೆಗೆದಿಡಿ. ಆಮೇಲೆ ಪ್ರಿಂಟ್ ಮಾಡಿ ಡಬ್ಬಿಯ ಒಳಗೆ ಅಂಟಿಸಿದರೂ ನಡೆಯುತ್ತೆ.